ತೂತಿಲ್ಲದ ದೋಣಿಗಳು

ಅಂಗಿಯ ಮೂರನೆಯ ಗುಂಡಿ ಹಾಕುತ್ತಿದ್ದವನಿಗೆ ಕನ್ನಡಿಯಲ್ಲಿ ಹೆಂಡತಿ ಕಂಡಳು. ಮಂಚದ ಅಂಚಿನಲ್ಲಿ ಕೂತು ಅವನ ಫೋನು ಹಿಡಿದಿದ್ದಳು. ಗಂಟೆ ನೋಡಲು ತೆಗೆದುಕೊಂಡಿರಬೇಕು, ಇನ್ನೊಬ್ಬರ ಫೋನು ಕೆದಕುವ ಚಾಳಿ ಅವಳಿಗೆ ಯಾವತ್ತೂ ಇರಲಿಲ್ಲ. ಆದರೂ ಅವನ ಕೈ ಗುಂಡಿಯ ಮೇಲೇ ನಿಂತಿತು. ಮೂರು ವಾರದಿಂದ ಅದು ಹೀಗೇ ಕಂಡಕಂಡಲ್ಲಿ ನಿಲ್ಲುತ್ತಿತ್ತು. ಆಫೀಸಿನ ಬಾಗಿಲು ತಳ್ಳುವಾಗ ಒಳಗಿನ ಮಾತು ತಟ್ಟನೆ ನಿಂತ ಹಾಗಾಗುವುದು, ಕೈ ಹಿಡಿಕೆಯ ಮೇಲೇ ಉಳಿಯುವುದು. ಫೋನಿನ ಪರದೆಯ ಮೇಲೆ ಇದ್ದದ್ದು ಆ ಚಿತ್ರವೇ. ನೀರು ಬತ್ತಿ ಬಿರುಕು ಬಿಟ್ಟ ನೆಲ, ಅದರ ಮೇಲೆ ವಾಲಿ ನಿಂತ ಹಡಗು ದೋಣಿಗಳು, ಅವುಗಳ ಕಂಬದಿಂದ ಕಂಬಕ್ಕೆ ಕಟ್ಟಿದ ಹಗ್ಗದಲ್ಲಿ ಒಣಗುವ ಬಟ್ಟೆ, ಕಿಟಕಿಯಲ್ಲಿ ದೀಪ. ಬೇರೆ ಕಂಪನಿಯೊಂದು ತನ್ನ ಹೊಸ ವಿಡಿಯೋ ಗೇಮು ಬರಲಿದೆ ಎಂದು ಊರಿಗೆಲ್ಲ ಸಾರಿದ್ದ ಚಿತ್ರ. ರಾತ್ರಿ ಮಲಗುವಾಗ ಇನ್ನೊಮ್ಮೆ ನೋಡಿ ಹಾಗೇ ಬಿಟ್ಟಿದ್ದ.

"ಇದು ನೀವು ರೈಲಲ್ಲಿ ಹೇಳ್ತಿದ್ರಲ್ಲ, ಅದೇ ಊರಲ್ವಾ?" ಎಂದಳು ಹೆಂಡತಿ. "ನೀರಿಲ್ದೆ ದೋಣಿಯೊಳಗೇ ಸಂಸಾರ ಮಾಡೋ ಜನ. ಎಷ್ಟು ಚೆನ್ನಾಗಿ ಬಂದಿದೆ ರೀ."

"ಯಾವ ರೈಲು?"

"ಅಯ್ಯೋ, ಅಪ್ಪನ್ನ ನೋಡ್ಕೊಂಡು ವಾಪಸ್ ಬರುವಾಗ. ಎದುರಿಗೆ ಕನ್ನಡಕದವರು ಕೂತಿದ್ರಲ್ಲ. ಮನೇಲಿ ಏನು ಕೇಳಿದ್ರೂ ಹೂಂ, ಉಹೂಂ ಅನ್ನೋರು ಅವತ್ತು ಬಾಯಿ ಮುಚ್ಚಲೇ ಇಲ್ಲ. ಅವರು ಇಳಿದ ಮೇಲೆ ನಂಗೆ ಉಸಿರು ಬಂತು."

"ದೋಣಿ ಚಿತ್ರ ಸಾವಿರ ಜನ ಬರೀತಾರೆ. ಕೊಡು ಇಲ್ಲಿ," ಎಂದು ಫೋನು ಕಿತ್ತುಕೊಂಡ. ಅಷ್ಟು ಒರಟಾಗಿ ಕಿತ್ತುಕೊಳ್ಳಬೇಕಾಗಿರಲಿಲ್ಲ. ಅವಳು ಕೈಯನ್ನು ಹಾಗೇ ಖಾಲಿಯಾಗಿ ಹಿಡಿದು ಅವನನ್ನು ನೋಡಿದಳು. ಇವತ್ತೇ ಯಾಕೆ ಇವಳಿಗೆ ರೈಲು ನೆನಪಾಗಬೇಕು ಎಂದು ಅವನು ಮೆಟ್ಟಿಲಿಳಿಯುತ್ತ ಯೋಚಿಸಿದ. ಮೂರು ತಿಂಗಳು ಸುಮ್ಮನಿದ್ದವಳು ಶುಕ್ರವಾರ ಬೆಳಿಗ್ಗೆ, ಇವತ್ತು ಎಲ್ಲ ತೀರ್ಮಾನವಾಗುವ ದಿನ, ಬೇಕೆಂದೇ ಎತ್ತಿದಳೇ? ಮೂರನೆಯ ಗುಂಡಿ ಹಾಕದೆ ಬಂದದ್ದು ಬಸ್ಸಿನಲ್ಲಿ ಪಕ್ಕದವರು ಅವನ ಎದೆಯ ಕಡೆ ನೋಡಿದಾಗಲೇ ಗೊತ್ತಾದದ್ದು.

ಅವನು ವಿಡಿಯೋ ಗೇಮುಗಳಿಗೆ ಕಥೆ ಕಟ್ಟುವವನು. ನೆಂಟರಿಷ್ಟರಿಗೆ ಈ ಕೆಲಸ ಇವತ್ತಿಗೂ ಅರ್ಥವಾಗಿಲ್ಲ. ಗುಂಡು ಹಾರಿಸಿ ಓಡುವುದಕ್ಕೆ ಕಥೆ ಯಾತಕ್ಕೆ ಎಂದು ಮಾವನವರೇ ಮಂಚದ ಮೇಲೆ ಮಲಗಿಕೊಂಡು ಕೇಳಿದ್ದರು, ಕಾಯಿಲೆ ಬಿದ್ದವರಿಗೆ ಎದುರಾಡಬಾರದೆಂದು ನಕ್ಕು ಸುಮ್ಮನಾಗಿದ್ದ. ಆ ಮಾತನ್ನು ನುಂಗಿಕೊಂಡು ರೈಲು ಹತ್ತಿದ್ದರಿಂದಲೇ ಇರಬೇಕು, ಎದುರಿನ ಕನ್ನಡಕದವನು "ಏನು ಕೆಲಸ ಮಾಡ್ತೀರಿ?" ಎಂದು ಕೇಳಿ, ಕೇಳಿದ ಮೇಲೆ ಮುಂದಕ್ಕೆ ಬಾಗಿ ಕೂತಾಗ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಎಂಥ ಕೇಳುಗ! "ಆಮೇಲೆ?" ಎನ್ನುತ್ತಿದ್ದ. "ನೀರು ಯಾಕೆ ಹೋಯ್ತು?" ಎನ್ನುತ್ತಿದ್ದ. ಇವನು ಹೇಳುತ್ತ ಹೋದ. ನೀರು ಒಂದು ದಿನ ವಾಪಸ್ಸು ಬರುತ್ತದೆಂದು ಕಾದು ಕೂತಿರುವ ಊರು, ಅವರ ಮಧ್ಯೆ ಯಾರೋ ಒಬ್ಬ ಕದ್ದುಮುಚ್ಚಿ ದೋಣಿಗಳ ತಳಕ್ಕೆ ತೂತು ಕೊರೆಯುತ್ತಿರುವುದು, ನೀರು ಬಂದ ದಿನವೇ ಎಲ್ಲರೂ ಮುಳುಗುವುದು. ಕನ್ನಡಕದವನು ಇಳಿಯುವಾಗ ಕೈ ಕುಲುಕಿ, "ನಮ್ಮ ಕಡೇನೂ ಇಂಥ ಕೆಲಸಾನೇ ನಡೀತಿದೆ," ಎಂದಿದ್ದ. ಯಾವ ಕಡೆ ಎಂದು ಇವನು ಕೇಳಲಿಲ್ಲ. ಆ ಮಾತು ಬೆಳಿಗ್ಗೆಯವರೆಗೂ ನೆನಪಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ನೆನಪಿತ್ತು. ಆ ಚಿತ್ರ ಮೊದಲ ಸಲ ಕಂಡ ದಿನವೇ, ಅನ್ನದ ಜೊತೆ ಕಲ್ಲು ಹಲ್ಲಿಗೆ ಸಿಕ್ಕಿದ ಹಾಗೆ ಸಿಕ್ಕಿತ್ತು, ಅವನೇ ಅದನ್ನು ನಾಲಿಗೆಯಿಂದ ಒಂದು ಕಡೆ ಸರಿಸಿಟ್ಟಿದ್ದ.

ಕಂಪನಿಯೆಂದರೆ ಒಂದು ಮಹಡಿಯ ಮೇಲಿನ ಮೂರು ಕೋಣೆ, ಐದು ಜನ. ಯಜಮಾನಿ, ಅವರನ್ನು ಎಲ್ಲರೂ ಮೇಡಂ ಎನ್ನುವುದು. ಪ್ರೋಗ್ರಾಂ ಬರೆಯುವ ಹುಡುಗ, ಗಾಳಿ ಬಂದರೆ ಹಾರಿಹೋಗುವ ಮೈಕಟ್ಟಿನವನಾದ್ದರಿಂದ ಕಡ್ಡಿ. ಸದ್ದು, ಸಂಗೀತ ನೋಡಿಕೊಳ್ಳುವ ದಪ್ಪ ಮನುಷ್ಯ, ಅವನು ಬೆಕ್ಕಿನ ಹಾಗೆ ಹಿಂದಿನಿಂದ ಬಂದು ನಿಲ್ಲುವುದರಿಂದ ತಮಾಷೆಗೆ ಸದ್ದಪ್ಪ. ಊರು, ಮುಖ, ಬಟ್ಟೆ, ಬೀದಿ ಎಲ್ಲವನ್ನೂ ಬರೆಯುವ ಚಿತ್ರಗಾರ್ತಿ. ಅವಳಿಗೆ ಮಾತ್ರ ಯಾರೂ ಅಡ್ಡಹೆಸರು ಇಟ್ಟಿರಲಿಲ್ಲ, ಇಡಲು ಏನೂ ಸಿಕ್ಕಿರಲಿಲ್ಲ. ಐದನೆಯವನು ಇವನು, ಕಥೆ ಸಾರ್. ಅಲ್ಲಿ ಒಂದು ಪದ್ಧತಿಯಿತ್ತು. ಕಂಪ್ಯೂಟರಿಗೆ ಕೈ ಹಚ್ಚುವ ಮೊದಲು ಕಥೆಯನ್ನು ಒಂದು ವಾರ ಕಾಗದದ ಮೇಲೆ ಆಡಬೇಕು. ಸೋಮವಾರ ಬಿಸ್ಕತ್ತಿನ ಡಬ್ಬಿಯಿಂದ ನಾಲ್ವರೂ ಒಂದೊಂದು ಚೀಟಿ ಎತ್ತುವುದು. ಮೂರರಲ್ಲಿ ಊರವರು ಎಂದಿರುತ್ತದೆ, ಒಂದರಲ್ಲಿ ದ್ರೋಹಿ. ಯಾರೂ ಯಾರಿಗೂ ತೋರಿಸುವಂತಿಲ್ಲ, ಓದಿ ಹರಿದುಹಾಕಬೇಕು. ದಿನಾ ಸಂಜೆ ನಾಲ್ವರೂ ಒಂದೊಂದು ಕಾಗದ ಮಡಚಿ ಡಬ್ಬಿಗೆ ಹಾಕಬೇಕು. ದ್ರೋಹಿಯಾದವನು ಇವತ್ತು ಯಾವ ದೋಣಿಗೆ ತೂತು ಕೊರೆದೆ ಎಂದು ಬರೆಯಬೇಕು, ಉಳಿದವರದು ಖಾಲಿ, ಕೂಡಲೇ ಡಬ್ಬಿಯನ್ನು ಎಲ್ಲರೆದುರು ತೆರೆದು ಓದುವುದು. ಶುಕ್ರವಾರ ಎಲ್ಲರೂ ಸೇರಿ ಒಬ್ಬರ ಮೇಲೆ ಬೆರಳು ಮಾಡಬೇಕು. ಆಡುವಾಗ ಮನುಷ್ಯರು ಆಡಿದ ಮಾತು, ಹೇಳಿದ ಸುಳ್ಳು, ಕೆಂಪಾದ ಕಿವಿ, ಎಲ್ಲವೂ ಆಮೇಲೆ ಕಥೆಯ ಪಾತ್ರಗಳಿಗೆ ಹೋಗುತ್ತದೆ.

ಈ ವಾರ ಡಬ್ಬಿಗೆ ಚೀಟಿ ಬರೆದು ಹಾಕಿದವನು ಅವನೇ, ಯಾವಾಗಲೂ ಅವನೇ. ನಾಲ್ಕರಲ್ಲೂ ಊರವರು ಎಂದೇ ಬರೆದಿದ್ದ. ಅದು ಗೊತ್ತಿದ್ದದ್ದು ಮೇಡಮ್ಮಿಗೆ ಒಬ್ಬರಿಗೇ. "ನಮ್ಮ ಕಥೆ ಹೊರಗೆ ಹೋಗಿದೆ ಅಂದ್ರೆ ಈ ನಾಲ್ಕು ಗೋಡೆಯೊಳಗಿನವರೇ ಯಾರೋ ಕೊಟ್ಟಿದ್ದಾರೆ," ಎಂದು ಅವನೇ ಮೇಡಂ ಹತ್ತಿರ ಹೋಗಿ ಹೇಳಿದ್ದ. "ಚೀಟಿ ಇಲ್ದೇನೂ ಯಾರು ಕಳ್ಳನ ಹಾಗೆ ನಡ್ಕೋತಾರೋ ಅವರೇ ನಿಜವಾದ ಕಳ್ಳರು. ಒಂದು ವಾರ ಕೊಡಿ." ಮೇಡಂ ಪೆನ್ನಿನ ತುದಿಯಿಂದ ಮೇಜು ಕುಟ್ಟುತ್ತ, "ಇಷ್ಟೆಲ್ಲ ಬೇಕಾ? ನೀವು ಹೊರಗಡೆ ಎಲ್ಲೂ ಬಾಯಿ ಬಿಟ್ಟಿಲ್ಲ ತಾನೆ?" ಎಂದಿದ್ದರು. "ನಾನಾ?" ಎಂದು ಅವನು ನಕ್ಕಿದ್ದ. ತನ್ನ ಆ ನಗು ಚೆನ್ನಾಗಿ ಬಂದಿತ್ತೆಂದು ಆಗ ಅನಿಸಿತ್ತು. ಈಗ ಲಿಫ್ಟಿನಲ್ಲಿ ಒಂಟಿಯಾಗಿ ನಿಂತು ಅದನ್ನೇ ಇನ್ನೊಮ್ಮೆ ನಕ್ಕು ನೋಡಿದ. ಲಿಫ್ಟಿನ ಸ್ಟೀಲು ಬಾಗಿಲಲ್ಲಿ ಹಲ್ಲು ಕಂಡವು.

ಸೋಮವಾರ ಸಂಜೆ ಡಬ್ಬಿಯಲ್ಲಿ ನಾಲ್ಕು ಖಾಲಿ ಕಾಗದ. ಮಂಗಳವಾರ ನಾಲ್ಕು. ಬುಧವಾರ, ಗುರುವಾರ ನಾಲ್ಕು ನಾಲ್ಕು. ನೆಟ್ಟಗಿನ ಬುದ್ಧಿಯವನಾದರೆ, ಪಾಪ, ಎಲ್ಲರೂ ಪ್ರಾಮಾಣಿಕರು ಎಂದು ಅಲ್ಲಿಗೇ ಕೈ ತೊಳೆದುಕೊಳ್ಳುತ್ತಿದ್ದ. ಇವನಿಗೆ ಖಾಲಿ ಕಾಗದವೇ ಸಾಕ್ಷಿಯಾಗಿ ಕಂಡಿತು. ಇಷ್ಟು ಖಾಲಿಯಾಗಿಡಲು ಎಷ್ಟು ಎಚ್ಚರ ಬೇಕು! ಕಾಗದಗಳನ್ನು ಮನೆಗೆ ಒಯ್ದು ಬೆಳಕಿಗೆ ಹಿಡಿದು ನೋಡಿದ. ಕಡ್ಡಿಯದು ಸುಕ್ಕಾಗಿರುತ್ತಿತ್ತು, ಸದ್ದಪ್ಪನದರಲ್ಲಿ ಎಣ್ಣೆಯ ಬೆರಳಿನ ಗುರುತು, ಚಿತ್ರಗಾರ್ತಿಯದು ಮಾತ್ರ ಅಂಚಿಗೆ ಅಂಚು ಕೂಡಿಸಿ ಮಡಚಿದ್ದು. ಇವಳಿಗೇನು ಇಷ್ಟು ಶಿಸ್ತು ಎಂದುಕೊಂಡ. ಬುಧವಾರ ಅವಳು ಕಾರಿಡಾರಿನಲ್ಲಿ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು. ಹತ್ತಿರ ಹೋದಾಗ, "ಜ್ವರ ಇಳಿದಿದ್ರೆ ಮೊಸರನ್ನ ಕೊಡಮ್ಮ," ಎಂದದ್ದು ಕೇಳಿಸಿತು. ತನ್ನನ್ನು ನೋಡಿದ ಮೇಲೆ ಮಾತು ಬದಲಾಯಿಸಿರಬಹುದಲ್ಲ ಎಂದು ಆಮೇಲೆ ಅನಿಸಿತು. ಅಷ್ಟು ಹೊತ್ತೂ ಅವಳ ಬೆನ್ನು ಅವನ ಕಡೆಗೇ ಇತ್ತು ಎನ್ನುವುದನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ವಿಚಿತ್ರವೆಂದರೆ ಉಳಿದವರೂ ಕೆಟ್ಟಿದ್ದರು. ದೋಣಿಗಳಿಗೆ ತೂತು ಬೀಳದೆ ಹೋದಷ್ಟೂ, ಏನೋ ದೊಡ್ಡದೇ ಕಾದಿದೆ ಎಂದು ಕಡ್ಡಿ ಉಗುರು ಕಚ್ಚುತ್ತಿದ್ದ. ಊಟಕ್ಕೆ ಎಲ್ಲರೂ ಒಂದೇ ಮೇಜಿಗೆ ಕೂರುತ್ತಿದ್ದವರು ಗುರುವಾರ ನಾಲ್ಕು ಮೂಲೆಯಲ್ಲಿ ನಾಲ್ಕು ಡಬ್ಬಿ ಬಿಚ್ಚಿದರು. ಸದ್ದಪ್ಪ ತನ್ನ ಕೋಣೆಗೆ ಚಿಲಕ ಹಾಕಿಕೊಳ್ಳಲು ಶುರುಮಾಡಿದ. ಇವನು ಅದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡ, ಕಥೆಗೆ ಬೇಕಾಗುತ್ತದೆ ಎಂದು. ಬರೆಯುತ್ತಿದ್ದಂತೆ ಹೆಗಲ ಮೇಲೆ ಉಸಿರು ತಾಗಿ ತಿರುಗಿದರೆ ಸದ್ದಪ್ಪ. "ಏನಿಲ್ಲ ಸಾರ್, ನೀರು ಕುಡಿಯೋಕೆ ಬಂದೆ." ನೀರಿನ ಕ್ಯಾನು ಇದ್ದದ್ದು ಆಚೆ ಕೋಣೆಯಲ್ಲಿ.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಮೇಜಿನ ಸುತ್ತ ಕೂತರು. ನಡುವೆ ಚಿತ್ರಗಾರ್ತಿ ಬರೆದ ಊರಿನ ನಕ್ಷೆ, ಅದರ ಮೇಲೆ ಅವಳೇ ರಟ್ಟಿನಲ್ಲಿ ಕತ್ತರಿಸಿ ಮಾಡಿದ ಹನ್ನೆರಡು ದೋಣಿ. ಪ್ರತಿ ದೋಣಿಗೂ ಕಿಟಕಿ, ಕಿಟಕಿಗೆ ಪರದೆ. ಪರದೆಗಳ ಬಣ್ಣ ಕೂಡ ಬೇರೆ ಬೇರೆ ಎನ್ನುವುದನ್ನು ಅವನು ಇವತ್ತೇ ಗಮನಿಸಿದ್ದು. ಈ ಊರು ಅವನದಾಗಿತ್ತು, ಆದರೆ ಪರದೆ ಅವನಿಗೆ ಹೊಳೆದಿರಲಿಲ್ಲ. ಕಡ್ಡಿ ಊರಿನ ಬಡಗಿ, ಸದ್ದಪ್ಪ ದೀಪ ಹಚ್ಚುವವನು, ಅವಳು ಅಂಬಿಗಿತ್ತಿ, ಇವನು ವೈದ್ಯ. ಮೇಡಂ ಗೋಡೆಗೆ ಒರಗಿ ಕೈಕಟ್ಟಿ ನಿಂತರು. ಸಾಮಾನ್ಯವಾಗಿ ಅವರು ಆಟಕ್ಕೆ ಬರುವುದಿಲ್ಲ. ಒಬ್ಬೊಬ್ಬರ ಕೈಯಲ್ಲೂ ಒಂದು ಬಾಟಲಿ ಮುಚ್ಚಳ. ದ್ರೋಹಿ ಎಂದು ಅನಿಸಿದವರ ಮುಂದೆ ಇಡಬೇಕು, ಯಾಕೆಂದು ಹೇಳಬೇಕು.

ಕಡ್ಡಿ ಮೊದಲು ಇಟ್ಟ, ಚಿತ್ರಗಾರ್ತಿಯ ಮುಂದೆ. "ಅಂಬಿಗಿತ್ತಿ ವಾರ ಪೂರ್ತಿ ಯಾರ ಮೇಲೂ ಅನುಮಾನ ಪಡಲಿಲ್ಲ," ಎಂದ, ಅವಳ ಮುಖ ನೋಡದೆ. "ನಾವೆಲ್ಲ ಒಬ್ರನ್ನೊಬ್ರು ಬೈದಾಡ್ಕೊಂಡ್ವಿ. ಅವರು ಬೈಲೇ ಇಲ್ಲ. ಅಷ್ಟು ಒಳ್ಳೆಯವರು ಇರೋಕೆ ಆಗುತ್ತಾ?"

ಸದ್ದಪ್ಪ ತನ್ನ ಮುಚ್ಚಳವನ್ನು ಬೆರಳಲ್ಲಿ ಎರಡು ಸುತ್ತು ತಿರುಗಿಸಿದ. ಆಮೇಲೆ ಮೇಜಿನ ಮೇಲೆ ಎದೆ ಊರಿ, ಕೈ ಚಾಚಿ, ಇವನ ಮುಂದೆ ಇಟ್ಟ. "ತಪ್ಪು ತಿಳೀಬೇಡಿ ಸಾರ್. ಎಲ್ಲರ ಬೆನ್ನ ಹಿಂದೆ ನಿಂತು ನೋಡಿದ್ದು, ಎಲ್ಲರ ಮಾತಿಗೂ ಕಿವಿ ಕೊಟ್ಟಿದ್ದು ನೀವೇ. ತಾನು ಕಳ್ಳ, ಪರರ ನಂಬ ಅಂತಾರಲ್ಲ, ಹಾಗಾಯ್ತು."

ಕಡ್ಡಿ ಕಿಸಕ್ಕನೆ ನಕ್ಕ. ಮೇಡಮ್ಮೂ ನಕ್ಕರೇ? ಅವನು ಆ ಕಡೆ ತಿರುಗುವಷ್ಟರಲ್ಲಿ ಅವರ ಮುಖ ಎಂದಿನಂತಾಗಿತ್ತು. ಆಟ, ಬರೀ ಆಟ ಎಂದು ಹೇಳಿಕೊಂಡರೂ ಕಿವಿ ಬಿಸಿಯಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ತಾನಲ್ಲವೆಂದು ತೋರಿಸಲು ಎರಡೂ ಕೈಯನ್ನು ಮೇಜಿನ ಮೇಲೆ ಇಟ್ಟ. ಇಟ್ಟ ಮೇಲೆ, ಯಾರೂ ಕೇಳದೆ ಕೈ ತೋರಿಸಿದವನು ತಾನೊಬ್ಬನೇ ಎಂಬುದು ಹೊಳೆಯಿತು. ಈ ದಪ್ಪನಿಗೆ ಗೊತ್ತು. ಯಾರು ಹೇಳಿರಬಹುದು, ಹೆಂಡತಿ ಒಮ್ಮೆ ಆಫೀಸಿಗೆ ಬಂದಿದ್ದಳು, ಸದ್ದಪ್ಪನ ಜೊತೆ ಮಾತಾಡಿದ್ದಳು, ಅಥವಾ ಆ ಕನ್ನಡಕದವನೇ ಸದ್ದಪ್ಪನ ಸ್ನೇಹಿತನೇ? ಕನ್ನಡಕದವನು ಮುಂದಕ್ಕೆ ಬಾಗಿ ಆಮೇಲೆ ಎನ್ನುತ್ತಿದ್ದಾನೆ, ಕಿಟಕಿಯಾಚೆ ವಿದ್ಯುತ್ ಕಂಬಗಳು ಓಡುತ್ತಿವೆ, ಹೆಂಡತಿ ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿ ಎಲ್ಲವನ್ನೂ ಕೇಳುತ್ತಿದ್ದಾಳೆ. ಎಷ್ಟು ಸುಖವಾಗಿತ್ತು ಆ ಮೂರು ಗಂಟೆ. ಜೀವಮಾನದಲ್ಲಿ ಯಾರೂ ಅವನ ಮಾತನ್ನು ಹಾಗೆ ಕೇಳಿರಲಿಲ್ಲ.

"ನಿಮ್ಮದು?" ಎಂದರು ಮೇಡಂ ಚಿತ್ರಗಾರ್ತಿಗೆ.

ಅವಳು ಮುಚ್ಚಳವನ್ನು ಯಾರ ಮುಂದೆಯೂ ಇಡಲಿಲ್ಲ. ನಕ್ಷೆಯ ಮೇಲೆ, ಯಾವ ದೋಣಿಯೂ ಇಲ್ಲದ ಕಡೆ ಇಟ್ಟಳು. "ನಂಗೆ ಯಾರೂ ಅಲ್ಲ ಅನ್ಸುತ್ತೆ. ಒಂದು ದೋಣಿಗೂ ತೂತು ಬಿದ್ದಿಲ್ವಲ್ಲ. ಈ ಸಲ ಊರಲ್ಲಿ ದ್ರೋಹಿನೇ ಇಲ್ಲ." ಹಾಗೆನ್ನುವಾಗ ಒಂದು ಕ್ಷಣ ಇವನ ಕಡೆ ನೋಡಿದಳು. ಏನೋ ಹೇಳಹೊರಟು ಬಿಟ್ಟವಳ ನೋಟ.

"ನೋಡಿದ್ರಾ, ನೋಡಿದ್ರಾ!" ಎಂದು ಕಡ್ಡಿ ಕುರ್ಚಿಯಿಂದ ಎದ್ದೇಬಿಟ್ಟ. "ದ್ರೋಹಿ ಅಲ್ದೆ ಬೇರೆ ಯಾರು ಸಾರ್ ಹೀಗಂತಾರೆ?"

ಸದ್ದಪ್ಪನೂ ಹೌದಲ್ಲ ಎನ್ನುವಂತೆ ತಲೆ ಕೆರೆದುಕೊಂಡ. ಅವಳ ಮುಂದೆ ಒಂದು, ಇವನ ಮುಂದೆ ಒಂದು. ಉಳಿದದ್ದು ಇವನ ಕೈಯೊಳಗಿನ ಮುಚ್ಚಳ. ಐದು ಜನರಲ್ಲಿ ಅವಳು ಹೇಳಿದ್ದು ಅಕ್ಷರಶಃ ನಿಜವೆಂದು ಗೊತ್ತಿದ್ದವರು ಇಬ್ಬರು, ಅದರಲ್ಲಿ ಒಬ್ಬರು ಗೋಡೆಗೆ ಒರಗಿ ಇವನನ್ನೇ ನೋಡುತ್ತಿದ್ದರು. ತನ್ನ ಮುಂದೆಯೇ ಇಟ್ಟುಕೊಂಡುಬಿಡಲೇ ಎಂಬ ಯೋಚನೆ ಬಂತು. ಇಟ್ಟು, ರೈಲಲ್ಲಿ ನಾನೇ ಹೇಳಿಬಿಟ್ಟೆ ಎಂದರೆ ಮುಗಿಯಿತು. ಒಂದು ಗಂಟೆಯ ನಾಚಿಕೆ. ಆದರೆ ಸದ್ದಪ್ಪನ ಆ ಗಾದೆ ಇನ್ನೂ ಮೇಜಿನ ಮೇಲೇ ಬಿದ್ದಿತ್ತು, ಕಡ್ಡಿಯ ನಗು ಇನ್ನೂ ಆರಿರಲಿಲ್ಲ. ಇವಳು ಯಾಕೆ ತನ್ನ ಕಡೆ ನೋಡಿದಳು? ಚೀಟಿಯ ಉಪಾಯ ಇವಳಿಗೆ ತಿಳಿದಿರಬೇಕಾದರೆ ಇವಳು ಡಬ್ಬಿ ತೆರೆದು ನೋಡಿರಬೇಕು. ಡಬ್ಬಿ ತೆರೆಯುವವಳು ಇನ್ನೇನು ತೆರೆಯುವುದಿಲ್ಲ? ಹೀಗೆ ಒಂದರ ಕಾಲಿಗೆ ಇನ್ನೊಂದು ಕಟ್ಟುತ್ತ ಹೋದಂತೆ ಅದು ನಿಜಕ್ಕೂ ನಿಲ್ಲುವ ಹಾಗೆ ಕಂಡಿತು. ತಾನು ಕಥೆ ಕಟ್ಟುವುದೂ ಹೀಗೆಯೇ ಎಂಬುದು ಅವನಿಗೆ ಗೊತ್ತಿತ್ತು. ಮುಚ್ಚಳವನ್ನು ಅವಳ ಮುಂದೆ ಇಟ್ಟ. ಕಾರಣ ಯಾರೂ ಕೇಳಲಿಲ್ಲ.

"ಸಿಕ್ಕಿಬಿದ್ದೆ ಅನ್ನಿ ಹಾಗಾದ್ರೆ," ಎಂದು ಅವಳು ನಗುತ್ತಲೇ ರಟ್ಟಿನ ದೋಣಿಗಳನ್ನು ಒಂದೊಂದಾಗಿ ಡಬ್ಬಿಗೆ ಎತ್ತಿಡಲು ಶುರುಮಾಡಿದಳು.

ಮೇಡಮ್ಮಿನ ಕೋಣೆಯಲ್ಲಿ ಫ್ಯಾನು ಕಟಕಟ ಎನ್ನುತ್ತಿತ್ತು. ಅವರು ಕೂರಲು ಹೇಳಲಿಲ್ಲ. "ಹಾಗಾದ್ರೆ ಅವರೇನಾ?"

"ಆಟ ಹಾಗೇ ಹೇಳ್ತಿದೆ ಮೇಡಂ."

"ಆಟ ಬಿಡಿ. ನೀವೇನು ಹೇಳ್ತೀರಿ? ನಾಲ್ಕು ವರ್ಷದಿಂದ ಇದ್ದಾರೆ. ನಂಗಂತೂ ಅವರ ಮೇಲೆ ಮನಸ್ಸಲ್ಲಿ ಏನೂ ಇರಲಿಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವುದು ಅವನಿಗೆ ಹೊಸದಲ್ಲ. "ಬೇರೆ ಯಾರು ಇರ್ತಾರೆ ಮೇಡಂ?" ಎಂದ. ಪ್ರಶ್ನೆಯಾಗಿ ಕೇಳಿದ್ದರಿಂದ ತಾನು ಸುಳ್ಳು ಹೇಳಿದ ಹಾಗಾಗಲಿಲ್ಲ ಎಂದು ಸಮಾಧಾನವೂ ಆಯಿತು.

"ಸರಿ. ಎಳೆದಾಡಿದ್ರೆ ಇಬ್ರಿಗೂ ಹಿಂಸೆ. ಸೋಮವಾರದಿಂದ ಬರೋದು ಬೇಡ ಅಂತ ಇವತ್ತೇ ಹೇಳಿಬಿಡ್ತೀನಿ," ಎಂದು ಮೇಡಂ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಕೊನೇ ಸಲ ಕೇಳ್ತೀನಿ. ನೀವು ಎಲ್ಲೂ, ಯಾರ ಹತ್ತಿರಾನೂ..."

"ಮನೇಲಿ ಹೆಂಡತಿಗೂ ಹೇಳಿಲ್ಲ."

ಅದು ನಿಜವೇ ಆಗಿತ್ತು. ಹೆಂಡತಿಗೆ ಅವನು ಹೇಳಿರಲಿಲ್ಲ, ಅವಳು ಕೇಳಿಸಿಕೊಂಡಿದ್ದಳು. ತನ್ನ ಮೇಜಿಗೆ ಬಂದು ಕೂತು ಪುಸ್ತಕ ತೆರೆದ, ಮುಚ್ಚಿದ. ನಾಲ್ಕು ವರ್ಷದಲ್ಲಿ ಅವಳ ಮನೆಯಲ್ಲಿ ಯಾರಿದ್ದಾರೆ ಎಂದು ತಾನು ಕೇಳಿಯೇ ಇಲ್ಲವೆಂಬುದು ಈಗ ನೆನಪಾಯಿತು. ಜ್ವರ ಯಾರಿಗೆ ಬಂದಿತ್ತೋ. ಎದ್ದು ಹೋಗಿ ಮೇಡಮ್ಮಿಗೆ ಹೇಳಬೇಕು, ಈಗಲೇ ಹೇಳಬೇಕು ಎಂದು ಕುರ್ಚಿ ಹಿಂದಕ್ಕೆ ಸರಿಸಿದ.

"ಸಾರ್, ಒಂದ್ನಿಮಿಷ," ಎಂದು ಅವಳೇ ಬಂದು ನಿಂತಳು. ಕೈಯಲ್ಲಿ ಒಂದು ಹಾಳೆ. ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ದನಿ ತಗ್ಗಿಸಿದಳು. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಸಲ ದ್ರೋಹಿ ಚೀಟಿ ಹಾಕೋಕೆ ಮರೆತುಬಿಟ್ರಾ?"

ಹಿಂದಕ್ಕೆ ಸರಿಸಿದ್ದ ಕುರ್ಚಿಯನ್ನು ಅವನು ಮತ್ತೆ ಮುಂದಕ್ಕೆ ಎಳೆದುಕೊಂಡ.

"ಮಂಗಳವಾರಾನೇ ಅನುಮಾನ ಬಂತು. ಯಾರಾದ್ರೂ ಆಗಿದ್ರೆ ಒಂದಾದ್ರೂ ತೂತು ಕೊರೀತಿದ್ರು, ಕಡ್ಡಿಗಂತೂ ತಡ್ಕೊಳ್ಳೋಕೆ ಆಗ್ತಿರಲಿಲ್ಲ. ನಿಮಗೆ ಮಾವನವರ ಚಿಂತೆ ಬೇರೆ ಇದೆ, ಕೈತಪ್ಪಿ ನಾಲ್ಕೂ ಒಂದೇ ಬರೆದಿರ್ತೀರಿ ಅಂದುಕೊಂಡೆ. ಎಲ್ಲರ ಮುಂದೆ ಅದೂ ಮೇಡಂ ಎದುರಿಗೆ ಹೇಳಿದ್ರೆ ನಿಮಗೆ ಅವಮಾನ ಆಗುತ್ತೆ ಅಂತ, ಸುಮ್ನೆ ಯಾರೂ ಅಲ್ಲ ಅಂದೆ. ಆಮೇಲೆ ಎಲ್ಲ ನನ್ನ ಮೇಲೇ ಬಂತು, ಬರಲಿ ಬಿಡಿ, ಆಟ ತಾನೆ."

ಅವಳ ಮುಖವನ್ನು ಅವನು ಮೊದಲ ಸಲ ಎನ್ನುವಂತೆ ನೋಡಿದ. ವಾರವಿಡೀ ಹುಡುಕಿದ್ದ ಮುಖ ಅದು; ಹುಡುಕಿದ್ದು ಯಾವುದೂ ಅಲ್ಲಿರಲಿಲ್ಲ. ರೈಲು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅಲ್ಲಾಡದೆ ಕೂತಿತ್ತು.

"ಹೌದು," ಎಂದ. "ಮರೆತುಬಿಟ್ಟೆ."

"ಅಷ್ಟೇನಾ! ಸೋಮವಾರ ಮತ್ತೆ ಆಡೋಣ ಬಿಡಿ. ದೋಣಿ ಎಲ್ಲ ಜೋಪಾನವಾಗಿ ಇಟ್ಟಿದ್ದೀನಿ." ಅವಳಿಗೆ ನಿಜವಾಗಿಯೂ ಹಗುರಾದಂತಿತ್ತು. ಕೈಯಲ್ಲಿದ್ದ ಹಾಳೆಯನ್ನು ಅವನ ಮುಂದೆ ಇಟ್ಟು, "ಅಂಬಿಗಿತ್ತಿ ಮುಖ ಇನ್ನೊಂದು ಸಲ ಬರೆದೆ, ಮೂಗು ಸರಿಯಾಯ್ತಾ ನೋಡಿ," ಎಂದಳು.

ಅಷ್ಟರಲ್ಲಿ ಆಚೆ ಅವಳ ಮೇಜಿನ ಫೋನು ಹೊಡೆದುಕೊಂಡಿತು. ಅವಳು ಓಡಿಹೋಗಿ ಎತ್ತಿ, "ಬಂದೆ ಮೇಡಂ," ಎಂದಳು. ಇವನ ಕಡೆ ತಿರುಗಿ, "ಎರಡೇ ನಿಮಿಷ ಸಾರ್. ನೋಡ್ತಿರಿ," ಎಂದು ಹೊರಟಳು. ಮೇಡಮ್ಮಿನ ಬಾಗಿಲಿಗೆ ಕೈ ಹಾಕಿದವಳು ಏನೋ ನೆನಪಾದಂತೆ ಹಿಂತಿರುಗಿ, ಯಾರಿಗೂ ಹೇಳುವುದಿಲ್ಲ ಎಂದು ತುಟಿಯ ಮೇಲೆ ಬೆರಳಿಟ್ಟು ತೋರಿಸಿ, ನಕ್ಕು, ಒಳಗೆ ಹೋದಳು.